ಹೆಗಲ ಮೇಲಿನ ಡೋಸಿಮೀಟರ್: ಶಬ್ದದ ಲೆಕ್ಕ ಹೇಗೆ ಬರುತ್ತದೆ, ಎಲ್ಲಿ ತಪ್ಪುತ್ತದೆ

ಪವರ್‌ಲೂಮ್ ಶೆಡ್ ಒಳಗೆ ಹೋದವರಿಗೆ ಗೊತ್ತು, ಪಕ್ಕದಲ್ಲಿ ನಿಂತವರಿಗೂ ಕಿವಿಗೆ ಬಾಯಿಟ್ಟು ಕೂಗಿಯೇ ಹೇಳಬೇಕು. ಅಲ್ಲಿ ವರ್ಷಗಟ್ಟಲೆ ದುಡಿದವರು ತುಟಿ ನೋಡಿ, ಕೈಸನ್ನೆ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ದೊಡ್ಡಬಳ್ಳಾಪುರ, ಇಳಕಲ್, ರಬಕವಿ-ಬನಹಟ್ಟಿ ಎಲ್ಲ ಕಡೆಯೂ ಇದೇ ಕಥೆ. ಆ ಶಬ್ದ ಕಿವಿಯನ್ನು ಒಂದೇ ದಿನಕ್ಕೆ ಕೆಡಿಸುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಹಾಗಾಗಿ 'ಇಲ್ಲಿ ಎಷ್ಟು ಡೆಸಿಬೆಲ್ ಇದೆ?' ಎಂದು ಕೇಳಿದರೆ ಸಾಲದು. 'ಈ ಮನುಷ್ಯನ ಕಿವಿಗೆ ಇವತ್ತು ಒಟ್ಟು ಎಷ್ಟು ಬಿತ್ತು?' ಎಂದು ಕೇಳಬೇಕು. ಈ ಎರಡನೇ ಪ್ರಶ್ನೆಗೆ ಉತ್ತರ ಕೊಡುವ ಉಪಕರಣವೇ ಡೋಸಿಮೀಟರ್.

ಅದು ಕೊಡುವ ಅಂಕಿಯನ್ನು ಮಾತ್ರ ಸುಮ್ನೆ ನಂಬಬೇಡಿ. ಡೋಸಿಮೀಟರ್ ತೋರಿಸುವ ಶೇಕಡಾ ಲೆಕ್ಕ ಅದಕ್ಕೆ ಹಾಕಿದ ಸೆಟ್ಟಿಂಗ್‌ನಿಂದ ಹುಟ್ಟುತ್ತದೆ. ಅದೇ ಮಗ್ಗ, ಅದೇ ನೇಕಾರ, ಅದೇ ದಿನ. ಒಂದು ಸೆಟ್ಟಿಂಗ್‌ನಲ್ಲಿ ಶೇ 180, ಇನ್ನೊಂದರಲ್ಲಿ ಶೇ 960 ದಾಟುತ್ತದೆ. ಎರಡೂ ಸರಿಯಾದ ಲೆಕ್ಕವೇ. ಇದು ಗೊತ್ತಿಲ್ಲದೆ ವರದಿ ಓದಿದರೆ ಮೋಸ ಹೋಗುವುದು ಖಂಡಿತ.

ಒಳಗೆ ನಡೆಯುವುದೇನು

ಸಾಮಾನ್ಯ ಸೌಂಡ್ ಲೆವೆಲ್ ಮೀಟರ್ ಈ ಕ್ಷಣದ ಮಟ್ಟವನ್ನು ಹೇಳುತ್ತದೆ. ಡೋಸಿಮೀಟರ್ ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ, ಬಂದದ್ದನ್ನೆಲ್ಲ ಕೂಡಿಸುತ್ತಾ ಹೋಗುತ್ತದೆ.

ಹೆಗಲ ಮೇಲೆ ಪುಟ್ಟ ಮೈಕ್ ಇರುತ್ತದೆ. ಗಾಳಿಯ ಒತ್ತಡದ ಏರಿಳಿತವನ್ನು ಅದು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಸಂಕೇತ ಮೊದಲು 'ಎ' ಫಿಲ್ಟರ್ ದಾಟುತ್ತದೆ. ನಮ್ಮ ಕಿವಿಗೆ ತಗ್ಗು ಸ್ವರ ಕಡಿಮೆ ಕೇಳಿಸುತ್ತದೆ, ಅಲ್ವಾ? ಫಿಲ್ಟರ್ ಕೂಡ ಅದನ್ನೇ ಅನುಸರಿಸುತ್ತದೆ. 1000 ಹರ್ಟ್ಸ್‌ನ ಶಬ್ದವನ್ನು ಹಾಗೇ ಬಿಡುತ್ತದೆ, 100 ಹರ್ಟ್ಸ್‌ನದನ್ನು ಸುಮಾರು 19 ಡೆಸಿಬೆಲ್ ಕಳೆದು ಮುಂದೆ ಕಳಿಸುತ್ತದೆ. ಹೀಗೆ ಸಿಕ್ಕಿದ ಅಳತೆಯೇ ಡಿಬಿಎ. ಆಮೇಲೆ ಪ್ರತಿ ಕ್ಷಣದ ಮಟ್ಟವನ್ನು ಒಂದು ಮಿತಿಗೆ ಹೋಲಿಸಿ, 'ಈ ಮಟ್ಟದಲ್ಲಿ ಎಷ್ಟು ಹೊತ್ತು ಇರಬಹುದಿತ್ತು, ಎಷ್ಟು ಹೊತ್ತು ಇದ್ದ' ಎಂದು ಲೆಕ್ಕ ಹಾಕುತ್ತದೆ. ಎಲ್ಲ ಕ್ಷಣಗಳ ಪಾಲು ಕೂಡಿಸಿ 100ರಿಂದ ಗುಣಿಸಿದರೆ ಡೋಸ್. ಶೇ 100 ಎಂದರೆ ಆ ದಿನದ ಪಾಲು ಮುಗಿಯಿತು ಎಂದು.

ಹಂತ 1: ಯಾವ ನಿಯಮದ ಲೆಕ್ಕ ಎಂದು ಮೊದಲೇ ತೀರ್ಮಾನಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜಾಸ್ತಿ ಜನ ಹಾರಿಸಿಬಿಡುವುದೂ ಇದನ್ನೇ. ನಾಲ್ಕು ಸೆಟ್ಟಿಂಗ್ ನೋಡಿಕೊಳ್ಳಬೇಕು.

ಮೊದಲನೆಯದು ಮಾನದಂಡದ ಮಟ್ಟ. ಎಂಟು ಗಂಟೆ ಪೂರ್ತಿ ಇಷ್ಟು ಶಬ್ದವಿದ್ದರೆ ಶೇ 100 ಎನ್ನುವ ಮಟ್ಟ ಅದು. ಎರಡನೆಯದು ವಿನಿಮಯ ದರ. ಎಷ್ಟು ಡೆಸಿಬೆಲ್ ಏರಿದರೆ ಸಮಯ ಅರ್ಧವಾಗಬೇಕು ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ಹೊಸ್ತಿಲು. ಇದಕ್ಕಿಂತ ಕೆಳಗಿನ ಶಬ್ದವನ್ನು ಉಪಕರಣ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಲ್ಕನೆಯದು ಪ್ರತಿಕ್ರಿಯೆಯ ವೇಗ, ಅಂದರೆ ಸ್ಲೋ ಅಥವಾ ಫಾಸ್ಟ್.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ 90 ಡಿಬಿಎ, 5 ಡೆಸಿಬೆಲ್ ದರ, ಸ್ಲೋ. ಹೊಸ್ತಿಲು ಕಡ್ಡಾಯ ಮಿತಿಯ ಲೆಕ್ಕಕ್ಕೆ 90, ಶ್ರವಣ ರಕ್ಷಣೆಯ ಕಾರ್ಯಕ್ರಮಕ್ಕೆ 80. ಅದೇ ದೇಶದ ಸಂಶೋಧನಾ ಸಂಸ್ಥೆ ನಯೋಶ್ 1998ರಲ್ಲಿ ಶಿಫಾರಸು ಮಾಡಿದ್ದು 85 ಡಿಬಿಎ, 3 ಡೆಸಿಬೆಲ್ ದರ. ಯುರೋಪ್ ಒಕ್ಕೂಟದ 2003ರ ನಿರ್ದೇಶನದಲ್ಲೂ 3 ಡೆಸಿಬೆಲ್ ಲೆಕ್ಕವೇ. ಅಲ್ಲಿ 80 ಮತ್ತು 85ರಲ್ಲಿ ಕ್ರಮ ಶುರುವಾಗಬೇಕು, ಕಿವಿರಕ್ಷಕ ಹಾಕಿಕೊಂಡ ಮೇಲೂ 87 ದಾಟಬಾರದು.

ನಮ್ಮಲ್ಲಿ ಕಾರ್ಖಾನೆ ನಿಯಮಗಳ ಕೋಷ್ಟಕ ಓಶಾ ದಾರಿಯಲ್ಲೇ ಇದೆ. 90ರಲ್ಲಿ 8 ಗಂಟೆ, 95ರಲ್ಲಿ 4, 100ರಲ್ಲಿ 2, 105ರಲ್ಲಿ 1, 110ರಲ್ಲಿ ಅರ್ಧ, 115ರಲ್ಲಿ ಕಾಲು ಗಂಟೆ. ಆಮೇಲೆ ಇಲ್ಲವೇ ಇಲ್ಲ. ಗಣಿಗಳಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 85ನ್ನು ಎಚ್ಚರಿಕೆಯ ಮಟ್ಟ, 90ನ್ನು ಅಪಾಯದ ಮಟ್ಟ ಎಂದು ಇಟ್ಟಿದೆ. ಇವುಗಳ ಜೊತೆ 2000ದ ಶಬ್ದಮಾಲಿನ್ಯ ನಿಯಮಗಳನ್ನು ಕಲಸಬೇಡಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎನ್ನುವ ಆ ಅಂಕಿಗಳು ಊರಿನ ವಾತಾವರಣಕ್ಕೆ. ದುಡಿಯುವವರ ಕಿವಿಗಲ್ಲ.

ಈಗ ಒಂದು ಪಾಳಿಯ ಲೆಕ್ಕ ಹಾಕೋಣ. ನೇಕಾರ ಮಗ್ಗಗಳ ನಡುವೆ 6 ಗಂಟೆ, ಅಲ್ಲಿ 96 ಡಿಬಿಎ. ಪಕ್ಕದ ಕೋಣೆಯಲ್ಲಿ ಒಂದೂವರೆ ಗಂಟೆ, ಅಲ್ಲಿ 84. ಊಟಕ್ಕೆ ಹೊರಗೆ ಅರ್ಧ ಗಂಟೆ, 65.

5 ಡೆಸಿಬೆಲ್ ದರದಲ್ಲಿ 96ಕ್ಕೆ ಸಿಗುವ ಸಮಯ ಸುಮಾರು 3.48 ಗಂಟೆ. 6ನ್ನು ಅದರಿಂದ ಭಾಗಿಸಿದರೆ ಶೇ 172. 84ಕ್ಕೆ ಸಿಗುವ ಸಮಯ 18.4 ಗಂಟೆ, ಅದರ ಪಾಲು ಶೇ 8. ಹೊಸ್ತಿಲು 80 ಇಟ್ಟರೆ ಒಟ್ಟು ಸುಮಾರು ಶೇ 180. ಹೊಸ್ತಿಲು 90 ಇಟ್ಟರೆ ಆ ಒಂದೂವರೆ ಗಂಟೆ ಮಾಯ, ಬರೀ ಶೇ 172.

ನಯೋಶ್ ಲೆಕ್ಕದಲ್ಲಿ 96ಕ್ಕೆ ಸಿಗುವ ಸಮಯ ಬರೀ 0.63 ಗಂಟೆ, ಅಂದರೆ 38 ನಿಮಿಷ. ಒಟ್ಟು ಡೋಸ್ ಸುಮಾರು ಶೇ 967.

ಎಂಟು ಗಂಟೆಯ ಸರಾಸರಿಗೆ ಬದಲಿಸಿದರೆ ಮೊದಲನೆಯದು 94.3 ಡಿಬಿಎ, ಎರಡನೆಯದು 94.9. ಹೆಚ್ಚುಕಡಿಮೆ ಒಂದೇ! ಶಬ್ದ ದಿನವಿಡೀ ಒಂದೇ ಸಮ ಇರುವ ಕಡೆ ಡೆಸಿಬೆಲ್ ಸರಾಸರಿಗಳು ಹೀಗೆ ಹತ್ತಿರ ಬರುತ್ತವೆ, ಶೇಕಡಾ ಲೆಕ್ಕ ಮಾತ್ರ ಹಾರುತ್ತದೆ. ಶಬ್ದ ಏರಿಳಿಯುವ ಕಡೆ ಸರಾಸರಿಯೂ ಬೇರೆಯಾಗುತ್ತದೆ. 2 ಗಂಟೆ 100 ಡಿಬಿಎ, ಉಳಿದ 6 ಗಂಟೆ ಸದ್ದಿಲ್ಲದ ಜಾಗ ಎಂದುಕೊಳ್ಳಿ. ಓಶಾ ಪ್ರಕಾರ ಸರಿಯಾಗಿ ಶೇ 100, ಸರಾಸರಿ 90. ನಯೋಶ್‌ನ 85 ಮತ್ತು 3ರ ಲೆಕ್ಕದಲ್ಲಿ ಸರಾಸರಿ 94, ಡೋಸ್ ಶೇ 800. ಒಂದು ಕಾಗದ 'ಮಿತಿಯೊಳಗಿದೆ' ಎನ್ನುತ್ತದೆ, ಇನ್ನೊಂದು 'ಎಂಟು ಪಟ್ಟು' ಎನ್ನುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಕಾನೂನಿಗೆ ಬೇಕಾದ ಲೆಕ್ಕವನ್ನು ಕಾನೂನಿಗೆ ಕೊಡಿ. ಕಿವಿ ಉಳಿಸುವ ತೀರ್ಮಾನವನ್ನು 85 ಮತ್ತು 3ರ ಲೆಕ್ಕದಲ್ಲಿ ಮಾಡಿ. ಮಟ್ಟ 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ದುಪ್ಪಟ್ಟಾಗುತ್ತದೆ, ಆ ದರ ಭೌತಶಾಸ್ತ್ರಕ್ಕೆ ಹೊಂದುತ್ತದೆ. ಈಗಿನ ಬಹಳಷ್ಟು ಡೋಸಿಮೀಟರ್‌ಗಳಲ್ಲಿ ಎರಡು ಮೂರು ಲೆಕ್ಕಗಳನ್ನು ಒಟ್ಟಿಗೇ ಓಡಿಸಬಹುದು. ಎರಡನ್ನೂ ಓಡಿಸಿ.

ಹಂತ 2: ಯಾರಿಗೆ ಹಾಕಬೇಕು, ಎಷ್ಟು ದಿನ

ಮಾಲೀಕರು ತೋರಿಸಿದವರಿಗೆ ಹಾಕಿ ಬರಬೇಡಿ. ಮೊದಲು ಒಂದು ಸುತ್ತು ನಡೆದು ನೋಡಿ. ಯಾರು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಎಷ್ಟು ಮಗ್ಗ ಒಟ್ಟಿಗೆ ಓಡುತ್ತವೆ, ರಾತ್ರಿ ಪಾಳಿ ಇದೆಯಾ ಎಂದೆಲ್ಲ ಬರೆದುಕೊಳ್ಳಿ. ಒಂದೇ ಥರದ ಕೆಲಸ ಮಾಡುವವರನ್ನು ಒಂದು ಗುಂಪು ಎಂದು ಹಿಡಿಯಿರಿ.

ದಿನಪೂರ್ತಿ ಅಳೆಯುವ ಕ್ರಮಕ್ಕೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9612 ಕೊಡುವ ಸೂತ್ರ ಚೆನ್ನಾಗಿದೆ. ಕನಿಷ್ಠ ಮೂರು ದಿನ ಅಳೆಯಿರಿ. ಮೂರರ ನಡುವೆ 3 ಡೆಸಿಬೆಲ್ ಅಥವಾ ಹೆಚ್ಚು ಅಂತರ ಬಂದರೆ ಇನ್ನೂ ಎರಡು ದಿನ ಸೇರಿಸಿ. ಒಂದೇ ದಿನದ ಅಳತೆ ಆ ಒಂದು ದಿನದ ಕಥೆ ಮಾತ್ರ. ಕರೆಂಟ್ ಹೋಗಿ ಮಗ್ಗ ಎರಡು ಗಂಟೆ ನಿಂತ ದಿನ, ನೂಲು ಬಾರದೆ ಅರ್ಧ ಶೆಡ್ ಸುಮ್ಮನಿದ್ದ ದಿನ ಅಳೆದು 'ಪರವಾಗಿಲ್ಲ' ಎಂದು ಬರೆದುಬಿಡುವುದು ಅನ್ಯಾಯ.

ಹಂತ 3: ಕ್ಯಾಲಿಬ್ರೇಷನ್

ಮೈಕ್ ಮೇಲಿನ ಸ್ಪಂಜ್ ತೆಗೆದು, ಕ್ಯಾಲಿಬ್ರೇಟರ್ ಬಾಯಿಗೆ ಅದನ್ನು ಗಟ್ಟಿಯಾಗಿ ಕೂರಿಸಿ. ಕ್ಯಾಲಿಬ್ರೇಟರ್ 1000 ಹರ್ಟ್ಸ್‌ನಲ್ಲಿ 94 ಅಥವಾ 114 ಡೆಸಿಬೆಲ್‌ನ ಒಂದೇ ಸಮನಾದ ಸ್ವರ ಕೊಡುತ್ತದೆ. ಪರದೆಯ ಮೇಲೆ ಅದೇ ಅಂಕಿ ಬರಬೇಕು. ಬಾರದಿದ್ದರೆ ಹೊಂದಿಸಿ. ಶೆಡ್ ಒಳಗೆ ಇದನ್ನು ಮಾಡಬೇಡಿ, ಹೊರಗೆ ಸದ್ದಿಲ್ಲದ ಜಾಗದಲ್ಲಿ ಮಾಡಿ. ಮೈಕ್ ಸರಿಯಾಗಿ ಕೂರದೆ ಸಂದಿ ಉಳಿದರೂ ಅಂಕಿ ಬದಲಾಗುತ್ತದೆ.

ಪಾಳಿ ಮುಗಿದ ಮೇಲೆ ಮತ್ತೆ ಇದೇ ಪರೀಕ್ಷೆ ಮಾಡಿ, ಎರಡೂ ಅಂಕಿ ಬರೆದಿಡಿ. ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ಸರಿದಿದ್ದರೆ ಆ ದಿನದ ಅಳತೆಯನ್ನು ಬಿಟ್ಟುಬಿಡುವುದೇ ಮೇಲು. ಇದಲ್ಲದೆ ಉಪಕರಣ ಮತ್ತು ಕ್ಯಾಲಿಬ್ರೇಟರ್ ಎರಡಕ್ಕೂ ಕಾಲಕಾಲಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು. ಅಳೆಯಲು ಹೋದ ಕಡೆ ನಾವು ಮಾಡುವ ಪರೀಕ್ಷೆ ಒಂದೇ ಆವರ್ತನದಲ್ಲಿ. 4000 ಹರ್ಟ್ಸ್‌ನಲ್ಲಿ ಮೈಕ್ ಸೋತಿದ್ದರೆ ಅದು ಇದರಲ್ಲಿ ಗೊತ್ತಾಗುವುದಿಲ್ಲ.

ಹಂತ 4: ಮೈಕ್ ಕೂರಿಸುವುದು

ಹೆಚ್ಚು ಶಬ್ದ ಬೀಳುವ ಕಿವಿಯ ಕಡೆಯ ಹೆಗಲು ಆರಿಸಿ. ಕಿವಿಯ ತೂತಿನಿಂದ ಕನಿಷ್ಠ 10 ಸೆಂಟಿಮೀಟರ್ ದೂರ, ಹೆಗಲಿನಿಂದ ಸುಮಾರು 4 ಸೆಂಟಿಮೀಟರ್ ಮೇಲೆ ಮೈಕ್ ಇರಬೇಕು. ವೈರ್ ಇರುವ ಮಾದರಿಯಾದರೆ ವೈರನ್ನು ಅಂಗಿಯೊಳಗೆ ಬಿಟ್ಟು ಟೇಪ್ ಹಚ್ಚಿ. ತಿರುಗುವ ಪಟ್ಟಾ, ಚಕ್ರ ಇರುವ ಜಾಗದಲ್ಲಿ ವೈರ್ ಜೋತಾಡುವುದು ಜೀವಕ್ಕೇ ಅಪಾಯ. ಸ್ಪಂಜ್ ಹಾಕುವುದು ಮರೆಯಬೇಡಿ. ಫ್ಯಾನ್ ಗಾಳಿ ಬರಿಯ ಮೈಕಿಗೆ ಬಡಿದರೆ ಅದೂ ಶಬ್ದವಾಗಿಯೇ ದಾಖಲಾಗುತ್ತದೆ.

ನಮ್ಮ ಕಡೆ ಒಂದು ವಿಶೇಷ ತೊಂದರೆ ಇದೆ. ಹೆಗಲ ಮೇಲೆ ಟವೆಲ್. ನೇಕಾರರು ಬೆವರು ಒರೆಸಿ ಅಭ್ಯಾಸಬಲದಿಂದ ಟವೆಲ್ಲನ್ನು ಮತ್ತೆ ಹೆಗಲಿಗೇ ಹಾಕುತ್ತಾರೆ, ಅದು ಸರಿಯಾಗಿ ಮೈಕ್ ಮೇಲೆ ಬೀಳುತ್ತದೆ. ಹೆಣ್ಣುಮಕ್ಕಳಿಗೆ ಸೆರಗು, ದುಪಟ್ಟಾ, ಬಿಚ್ಚಿದ ಜಡೆ. ಬಟ್ಟೆ ಮುಚ್ಚಿದರೆ ಎತ್ತರದ ಸ್ವರ ಕುಗ್ಗುತ್ತದೆ. ಉಜ್ಜಿದರೆ ಇಲ್ಲದ ಶಬ್ದ ಸೇರುತ್ತದೆ. ಹಾಗಾಗಿ ಹಾಕುವ ಮೊದಲೇ ಕೇಳಿ, 'ಅಣ್ಣಾ, ಟವೆಲ್ ಯಾವ ಕಡೆ ಹಾಕ್ತೀರಾ? ಇವತ್ತೊಂದು ದಿನ ಸೊಂಟಕ್ಕೆ ಕಟ್ಕೊಳ್ತೀರಾ?' ಸೆರಗು ಎಡಹೆಗಲಿಗೆ ಬರುವುದರಿಂದ, ಎರಡೂ ಕಡೆ ಶಬ್ದ ಒಂದೇ ಸಮ ಇದ್ದರೆ ಅಕ್ಕಂದಿರಿಗೆ ಬಲಹೆಗಲೇ ಅನುಕೂಲ.

ಇನ್ನೊಂದು ಮಾತನ್ನೂ ಆಗಲೇ ಆಡಿ ಮುಗಿಸಿ. 'ಇದು ನಾವು ಮಾತಾಡೋದನ್ನ ರೆಕಾರ್ಡ್ ಮಾಡುತ್ತಾ ಸಾರ್?' ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಸಾಮಾನ್ಯ ಡೋಸಿಮೀಟರ್ ಮಟ್ಟವನ್ನಷ್ಟೇ ಬರೆದಿಡುತ್ತದೆ. ಕೆಲವು ಮಾದರಿಗಳಲ್ಲಿ ಶಬ್ದವನ್ನೇ ಧ್ವನಿಮುದ್ರಿಸುವ ಸೌಲಭ್ಯ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಆಫ್ ಮಾಡಿ, ಆಫ್ ಮಾಡಿದ್ದನ್ನು ಅವರಿಗೇ ತೋರಿಸಿ. ನಂಬಿಕೆ ಇಲ್ಲದ ಮನುಷ್ಯ ಉಪಕರಣವನ್ನು ಬಿಚ್ಚಿ ಕಿಟಕಿಯಲ್ಲಿಟ್ಟರೆ ಅವರದ್ದೇನೂ ತಪ್ಪಿಲ್ಲ.

ಹಂತ 5: ಪಾಳಿ ಪೂರ್ತಿ ಓಡಲಿ, ಜೊತೆಗೆ ಡೈರಿ ಬರೆಯಿರಿ

ಗುಂಡಿಗಳನ್ನು ಲಾಕ್ ಮಾಡಿ, ಶುರುವಾದ ಸಮಯ ಬರೆಯಿರಿ. ಆಮೇಲೆ ಉಪಕರಣವನ್ನು ಅದರ ಪಾಡಿಗೆ ಬಿಟ್ಟು ಹೋಗಬೇಡಿ. 9.40ಕ್ಕೆ ಕಂಡಿಕೆ ಬದಲಿಸಿದರು, 10.15ಕ್ಕೆ ಎಳೆ ಕಡಿದು ಮಗ್ಗ ನಿಂತಿತು, 11ಕ್ಕೆ ಚಹಾ. ಇಷ್ಟು ಚಿಕ್ಕ ಟಿಪ್ಪಣಿ ಸಾಕು. ಡೋಸಿಮೀಟರಿಗೆ ಶಬ್ದ ಎಲ್ಲಿಂದ ಬಂತು ಎಂಬುದು ತಿಳಿಯದು. ಲಾಳಿ ಬಡಿತವೋ, ಪಕ್ಕದ ಸಾಲಿನ ಜಕಾರ್ಡೋ, ಯಾರೋ ಕೂಗಿದ್ದೋ ಅದಕ್ಕೆ ಎಲ್ಲ ಒಂದೇ. ಅದನ್ನು ಬಿಡಿಸಿ ಹೇಳುವುದು ನಿಮ್ಮ ಡೈರಿ ಮಾತ್ರ.

ಊಟದ ಹೊತ್ತಿನಲ್ಲಿ ಬಿಚ್ಚಿಟ್ಟರೆ ವಿರಾಮ ಕೊಟ್ಟ ಸಮಯವನ್ನು ಬರೆದಿಡಿ.

ಹಂತ 6: ಗ್ರಾಫ್ ನೋಡದೆ ಅಂಕಿ ನಂಬಬೇಡಿ

ಡೇಟಾ ಇಳಿಸಿಕೊಂಡ ಮೇಲೆ ನಿಮಿಷ ನಿಮಿಷದ ಗ್ರಾಫ್ ತೆರೆಯಿರಿ. ಮಗ್ಗಗಳ ಮಧ್ಯೆ ಇದ್ದಾಗ ರೇಖೆ ಬಹುತೇಕ ಸಮತಟ್ಟಾಗಿರುತ್ತದೆ, ಹೊರಗೆ ಬಂದಾಗ ಥಟ್ಟನೆ ಇಳಿಯುತ್ತದೆ. ಊಟದ ಹೊತ್ತಿನಲ್ಲಿ 118ರ ಒಂದು ಮುಳ್ಳು ಎದ್ದಿದ್ದರೆ? ಬಹುಶಃ ಮೈಕಿಗೆ ಏನೋ ತಗಲಿದೆ, ಅಥವಾ ಯಾರೋ ತಮಾಷೆಗೆ ಊದಿದ್ದಾರೆ. ಡೈರಿಯಲ್ಲಿ ಕಾರಣ ಸಿಕ್ಕರೆ ಮಾತ್ರ ಅಷ್ಟನ್ನು ಕಳೆದು ಲೆಕ್ಕ ಹಾಕಿ. ಕಳೆದದ್ದನ್ನು ವರದಿಯಲ್ಲಿ ಹೇಳಿ. ಕಾರಣ ಗೊತ್ತಿಲ್ಲದ ಮುಳ್ಳನ್ನು ಕೀಳುವ ಹಕ್ಕು ನಮಗಿಲ್ಲ.

ಇಲ್ಲಿ ಎರಡು ಸರಾಸರಿಗಳು ಗಲಿಬಿಲಿ ಮಾಡುತ್ತವೆ. ಒಂದು, ಅಳೆದಷ್ಟು ಹೊತ್ತಿನ ಸರಾಸರಿ. ಇನ್ನೊಂದು, ಎಂಟು ಗಂಟೆಗೆ ಹೊಂದಿಸಿದ ಸರಾಸರಿ. ಮಗ್ಗದ ಊರುಗಳಲ್ಲಿ 12 ಗಂಟೆಯ ಪಾಳಿ ಅಪರೂಪವಲ್ಲ. 12 ಗಂಟೆ 90 ಡಿಬಿಎಯಲ್ಲಿ ನಿಂತವರ ಅಳೆದ ಸರಾಸರಿ 90, ಕಾಗದದ ಮೇಲೆ ಎಲ್ಲ ಸರಿ. ಆದರೆ ಓಶಾ ಲೆಕ್ಕದಲ್ಲೂ ಡೋಸ್ ಶೇ 150, ಎಂಟು ಗಂಟೆಗೆ ಹೊಂದಿಸಿದರೆ ಸುಮಾರು 92.9. ಹೋಲಿಸಬೇಕಾದದ್ದು ಈ ಎರಡನೆಯದನ್ನು. ವರದಿಯಲ್ಲಿ ಬರೀ 'ಸರಾಸರಿ' ಎಂದು ಬರೆದಿದ್ದರೆ ಯಾವುದು ಎಂದು ಕೇಳಿಯೇ ಬಿಡಿ.

ಉಪಕರಣದ ಕೈ ಎಲ್ಲಿಗೆ ಎಟುಕುವುದಿಲ್ಲ

ಡೋಸಿಮೀಟರ್‌ಗಳ ಅಂತರರಾಷ್ಟ್ರೀಯ ಮಾನಕ ಐಇಸಿ 61252. ಅದು 63 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗಿನ ಶಬ್ದಕ್ಕೆ ಸಂಬಂಧಿಸಿದ್ದು. ಪರದೆಯ ಮೇಲೆ 89.7 ಎಂದು ದಶಾಂಶ ಕಂಡರೂ ನಿಖರತೆ ಅಷ್ಟಿಲ್ಲ. ಓಶಾ ಇಂಥ ಉಪಕರಣಗಳಿಗೆ 2 ಡೆಸಿಬೆಲ್ ಆಚೀಚೆ ಬಿಡುತ್ತದೆ. ಹಾಗಾಗಿ ಅಲ್ಲಿನ ತನಿಖಾಧಿಕಾರಿ ಶೇ 100ಕ್ಕೆ ನೋಟಿಸ್ ಕೊಡುವುದಿಲ್ಲ, ಶೇ 132 ದಾಟಿರಬೇಕು. 5 ಡೆಸಿಬೆಲ್ ದರದಲ್ಲಿ 92 ಡಿಬಿಎಗೆ ಬರುವ ಡೋಸ್ ಅದೇ. ಐಎಸ್‌ಒ 9612 ಉಪಕರಣಕ್ಕೆ 1.5 ಡೆಸಿಬೆಲ್, ಮೈಕ್ ಇಟ್ಟ ಜಾಗಕ್ಕೆ ಇನ್ನೂ 1 ಡೆಸಿಬೆಲ್ ಅನಿಶ್ಚಿತತೆ ಹಿಡಿಯಲು ಹೇಳುತ್ತದೆ. ಮೈಕ್ ಇರುವುದು ಮನುಷ್ಯನ ಮೈಮೇಲೆ. ಎದೆ, ಹೆಗಲು, ತಲೆ ಶಬ್ದವನ್ನು ಪ್ರತಿಫಲಿಸುತ್ತವೆ, ಇನ್ನೊಂದು ಕಡೆಯಿಂದ ಬಂದದ್ದನ್ನು ತಡೆಯುತ್ತವೆ. ಇದರಿಂದ ತಪ್ಪಿಸಿಕೊಳ್ಳಲಾಗದು. 89.7ಕ್ಕೂ 90.2ಕ್ಕೂ ನಡುವೆ ಗೆರೆ ಎಳೆದು 'ಸುರಕ್ಷಿತ, ಅಸುರಕ್ಷಿತ' ಎನ್ನುವವರಿಗೆ ಇದನ್ನು ಓದಿ ಹೇಳಬೇಕು.

ಅದಕ್ಕಿಂತ ದೊಡ್ಡ ಮಿತಿ ಬಡಿತದ ಶಬ್ದದ್ದು. ಮಗ್ಗದ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಹತ್ತಾರು ಮಗ್ಗ ಸೇರಿದಾಗ ಅದು ಒಂದೇ ಸಮನಾದ ಗದ್ದಲವಾಗಿಬಿಡುತ್ತದೆ, ಡೋಸಿಮೀಟರ್ ಚೆನ್ನಾಗಿಯೇ ಹಿಡಿಯುತ್ತದೆ. ಕಬ್ಬಿಣ ಬಡಿಯುವ ಫೋರ್ಜಿಂಗ್ ಸುತ್ತಿಗೆ, ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದಿಂದ ಮರಳು ಉದುರಿಸಲು ಬಡಿಯುವ ಕೆಲಸ ಹಾಗಲ್ಲ. ಅಲ್ಲಿ ಪೆಟ್ಟು ಕೆಲವೇ ಮಿಲಿಸೆಕೆಂಡ್, ನಡುವೆ ಖಾಲಿ. ಸ್ಲೋ ಸೆಟ್ಟಿಂಗ್‌ನಲ್ಲಿ ಪೆಟ್ಟು ನಿಂತ ಮೇಲೂ ಅಂಕಿ ಸೆಕೆಂಡಿಗೆ ನಾಲ್ಕು ಚಿಲ್ಲರೆ ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. 3 ಡೆಸಿಬೆಲ್ ದರದಲ್ಲಿ ಇದರಿಂದ ಒಟ್ಟು ಶಕ್ತಿಯ ಲೆಕ್ಕ ಕೆಡುವುದಿಲ್ಲ. 5ರ ದರದಲ್ಲಿ ಕೆಡುತ್ತದೆ, ಆ ಇಳಿಯುವ ಬಾಲವೂ ಡೋಸಿಗೆ ಸೇರಿ ಅಂಕಿ ಉಬ್ಬುತ್ತದೆ.

ಪೆಟ್ಟಿನ ತುತ್ತತುದಿಯನ್ನು ಬೇರೆಯಾಗಿ, ತಗ್ಗು ಸ್ವರವನ್ನು 'ಎ'ಯಷ್ಟು ಕಳೆಯದ 'ಸಿ' ಫಿಲ್ಟರ್‌ನ ಪೀಕ್ ಅಳತೆಯಲ್ಲಿ ನೋಡಬೇಕು. 140 ಡೆಸಿಬೆಲ್ ದಾಟಬಾರದು ಎಂಬುದು ಬಹುಪಾಲು ನಿಯಮಗಳ ಮಾತು. ತಮಾಷೆ ಅಲ್ಲ, ಬಹಳಷ್ಟು ಡೋಸಿಮೀಟರ್‌ಗಳ ಮೈಕ್ ಕೂಡ 140ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಬಂದೂಕಿನ ಗುಂಡಿನ ಸದ್ದು ಅದನ್ನೂ ದಾಟಿ 160ರ ಆಚೆಗೂ ಹೋಗಬಲ್ಲದು. ಆಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಬರೆದಿಟ್ಟ ಅಂಕಿ ನಿಜಕ್ಕಿಂತ ಕಡಿಮೆ. ಪರದೆಯಲ್ಲಿ ಓವರ್‌ಲೋಡ್ ಗುರುತು ಬಂದಿದ್ದರೆ ಆ ಡೋಸನ್ನು 'ಕನಿಷ್ಠ ಇಷ್ಟು' ಎಂದೇ ಓದಿ. ಪೊಲೀಸ್ ಫೈರಿಂಗ್ ರೇಂಜ್‌ಗೆ ಡೋಸಿಮೀಟರ್ ಹೊತ್ತು ಹೋಗಬೇಡಿ, ಅದಕ್ಕೆ ಬೇರೆ ಮೈಕ್ ಬೇಕು.

ಕಿವಿಯೊಳಗೆ ಏನಾಗುತ್ತಿದೆ ಎಂಬುದೂ ಹೆಗಲ ಮೇಲಿನ ಮೈಕಿಗೆ ತಿಳಿಯದು. ಇಯರ್‌ಪ್ಲಗ್ ಹಾಕಿದವರಿಗೂ ಹಾಕದವರಿಗೂ ಒಂದೇ ಡೋಸ್ ಬರುತ್ತದೆ. ಪ್ಲಗ್ ಪೊಟ್ಟಣದ ಮೇಲೆ 25 ಡೆಸಿಬೆಲ್ ಎಂದು ಬರೆದಿದ್ದರೆ ಪೂರ್ತಿ 25 ಕಳೆಯಬೇಡಿ. ಓಶಾ ಸೂಚಿಸುವ ಒಂದು ಎಚ್ಚರಿಕೆಯ ಲೆಕ್ಕದಲ್ಲಿ ಮೊದಲು 7 ಕಳೆದು, ಉಳಿದದ್ದನ್ನು ಅರ್ಧ ಮಾಡುತ್ತಾರೆ. ಅಂದರೆ 9. ನಮ್ಮ ನೇಕಾರರ 96 ಆಗ 87 ಆಗುತ್ತದೆ, 71 ಅಲ್ಲ. ಎಂಟು ಗಂಟೆಯಲ್ಲಿ ಒಂದು ಗಂಟೆ ಪ್ಲಗ್ ತೆಗೆದರೆ, ಎಷ್ಟೇ ಒಳ್ಳೆಯ ಪ್ಲಗ್ ಆದರೂ ದಿನದ ಒಟ್ಟು ರಕ್ಷಣೆ 3 ಡೆಸಿಬೆಲ್ ಲೆಕ್ಕದಲ್ಲಿ 9 ದಾಟುವುದಿಲ್ಲ.

ಮೊಬೈಲ್ ಆ್ಯಪ್ ಸಾಕಾಗಲ್ವಾ ಎಂದು ಕೇಳುತ್ತಾರೆ. ನಯೋಶ್ 2017ರಲ್ಲಿ ಐಫೋನಿಗೆ ಉಚಿತ ಆ್ಯಪ್ ಕೊಟ್ಟಿದೆ, ಚೆನ್ನಾಗಿದೆ. ಎಲ್ಲಿ ಅಳೆಯಬೇಕು ಎಂದು ಹುಡುಕಲು ಬಳಸಿ. ಜೇಬಿನೊಳಗಿನ ಫೋನ್ ಮಾತ್ರ ಡೋಸಿಮೀಟರ್ ಆಗಲಾರದು.

ಹಂತ 7: ವರದಿ, ಮತ್ತು ಅದು ಯಾರ ಕೈಗೆ

ವರದಿಯಲ್ಲಿ ಡೋಸ್ ಅಂಕಿಯ ಪಕ್ಕದಲ್ಲೇ ನಾಲ್ಕೂ ಸೆಟ್ಟಿಂಗ್ ಇರಲಿ. ಎಷ್ಟು ಹೊತ್ತು ಅಳೆದಿರಿ, ಮೊದಲ ಮತ್ತು ಕೊನೆಯ ಕ್ಯಾಲಿಬ್ರೇಷನ್ ಅಂಕಿ, ಯಾವ ಹೆಗಲು, ಅವತ್ತು ಎಷ್ಟು ಮಗ್ಗ ಓಡಿದವು, ಓವರ್‌ಲೋಡ್ ಬಂತಾ ಎಂಬುದೂ ಇರಲಿ. ಇಷ್ಟಿಲ್ಲದ ವರದಿಯನ್ನು ಯಾರೇ ಕೊಟ್ಟರೂ ವಾಪಸ್ ಕಳಿಸಿ.

ಒಂದು ಪ್ರತಿಯನ್ನು ಮೈಕ್ ಹೊತ್ತ ನೇಕಾರರಿಗೇ ಕೊಡಿ, ಕನ್ನಡದಲ್ಲಿ. ಅತಿ ಶಬ್ದದಿಂದ ಬರುವ ಕಿವುಡು ಕಾನೂನಿನ ಅಧಿಸೂಚಿತ ರೋಗಗಳ, ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಆದರೆ ಮನೆಗೆ ಅಂಟಿಕೊಂಡ ನಾಲ್ಕಾರು ಮಗ್ಗದ ಶೆಡ್‌ಗಳು ಕಾರ್ಖಾನೆ ಎನಿಸಿಕೊಳ್ಳುವುದೇ ಇಲ್ಲ. ಅಲ್ಲಿಗೆ ತನಿಖೆಯೂ ಬಾರದು, ಶ್ರವಣ ಪರೀಕ್ಷೆಯೂ ಬಾರದು. ಅಂಥವರಿಗೆ ಈ ಕಾಗದವೇ ಆಧಾರ. ಡೋಸ್ ಹೆಚ್ಚು ಬಂದವರು ಜಿಲ್ಲಾಸ್ಪತ್ರೆಯಲ್ಲೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಲಿ. ಶಬ್ದದ ಪೆಟ್ಟು ಮೊದಲು ಕಾಣುವುದು 4000 ಹರ್ಟ್ಸ್ ಸುತ್ತಮುತ್ತ, ಮಾತು ಕೇಳಿಸುವುದು ಇನ್ನೂ ಚೆನ್ನಾಗಿರುವಾಗಲೇ. ಪರೀಕ್ಷೆಗೆ ಹೋಗುವ ಮುನ್ನ ಕನಿಷ್ಠ 14 ಗಂಟೆ ಮಗ್ಗದಿಂದ ದೂರ ಇರಬೇಕು, ಇಲ್ಲದಿದ್ದರೆ ಅವತ್ತಿನ ದುಡಿಮೆಯ ತಾತ್ಕಾಲಿಕ ಮಂದತೆಯೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ವಾರದ ರಜೆಯ ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲೇ ಸಮಯ ಗೊತ್ತುಮಾಡಿಕೊಡಿ.